ಹೊಟ್ಟೆಯ ಆಪರೇಷನ್‌ಗೆ ಹಲ್ಲಿನ ಡಾಕ್ಟರ್ ಯಾಕೆ?

ಓದುಗರೊಬ್ಬರ ಪತ್ರ: ‘ಅಪ್ಪನಿಗೆ ಕರುಳಿನ ಆಪರೇಷನ್ ಆಗಬೇಕು. ದಿನ ಗೊತ್ತು ಮಾಡುವ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ, ಆಹಾರ ತಜ್ಞರನ್ನೂ ನೋಡಿ ಬನ್ನಿ ಎಂದು ಕಳಿಸಿದ್ದಾರೆ. ಹೊಟ್ಟೆಗೂ ಹಲ್ಲಿಗೂ ಏನು ಸಂಬಂಧ? ಸುಮ್ನೆ ಓಡಾಡಿಸುವುದಲ್ವಾ ಇದು? ಇಂಥದ್ದನ್ನು ನಿಮ್ಮ ಪತ್ರಿಕೆ ಪ್ರಶ್ನಿಸಬೇಕು.’

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಕಾಯಿಲೆಯ ಹಿರಿಯರನ್ನು ಕರೆದುಕೊಂಡು ಬಾಗಿಲಿನಿಂದ ಬಾಗಿಲಿಗೆ ಅಲೆಯುವುದು ಸುಲಭವಲ್ಲ. ಕರುಳು ಕಟ್ಟಿಕೊಂಡಿದ್ದರೆ ಅಥವಾ ತೂತಾಗಿದ್ದರೆ ಹಲ್ಲಿನ ಡಾಕ್ಟರಿಗಾಗಿ ಯಾರೂ ಕಾಯಬಾರದು, ಕಾಯುವುದೂ ಇಲ್ಲ. ಆದರೆ ನಿಮ್ಮ ಅಪ್ಪನಿಗೆ ಸಮಯವಿದೆ. ಹಾಗಿರುವಾಗ ನಿಮ್ಮನ್ನು ಕಳಿಸಿದವರ ಮೇಲೆ ನನಗೆ ಗೌರವ ಮೂಡಿತು. ಅಷ್ಟು ಯೋಚಿಸುವವರು ಎಲ್ಲ ಕಡೆ ಸಿಗುವುದಿಲ್ಲ.

ಹಲ್ಲಿಗೆ ಅಂಟಿದ ಬಿಳಿ ಪದರ ಇದೆಯಲ್ಲ, ಅದರ ತುಂಬ ಬ್ಯಾಕ್ಟೀರಿಯಾ. ಎಚ್ಚರವಿದ್ದಾಗ ಜೊಲ್ಲು ತಪ್ಪಿ ಶ್ವಾಸನಾಳಕ್ಕೆ ಇಳಿದರೆ ಕೆಮ್ಮು ಅದನ್ನು ಹೊರಹಾಕುತ್ತದೆ. ಅರಿವಳಿಕೆ ಕೊಟ್ಟಾಗ ಆ ಕೆಮ್ಮೇ ಇರುವುದಿಲ್ಲ. ಸಾಲದ್ದಕ್ಕೆ ಉಸಿರಾಟದ ಕೊಳವೆ ಬಾಯಿಯ ಮೂಲಕವೇ ಒಳಗೆ ಹೋಗುತ್ತದೆ. ಆಪರೇಷನ್ ಆದಮೇಲೂ ಹೊಟ್ಟೆಯ ಹೊಲಿಗೆ ನೋಯುತ್ತದೆಂದು ರೋಗಿ ಗಟ್ಟಿಯಾಗಿ ಕೆಮ್ಮುವುದಿಲ್ಲ. ನ್ಯುಮೋನಿಯಾಕ್ಕೆ ಇಷ್ಟು ಸಾಕು. ಅಲ್ಲಾಡುವ ಹಲ್ಲಿದ್ದರೆ ಇನ್ನೊಂದು ಅಪಾಯ: ಕೊಳವೆ ಹಾಕುವಾಗ ಅದು ಕಳಚಿ ಶ್ವಾಸನಾಳಕ್ಕೆ ಬೀಳಬಹುದು. ಈಗ ಹೇಳಿ, ಸಂಬಂಧ ಇಲ್ಲವೇ?

ಜಪಾನಿನಲ್ಲಿ 2012ರಿಂದಲೇ ಆಪರೇಷನ್ ಹಿಂದುಮುಂದಿನ ಬಾಯಿಯ ಆರೈಕೆಗೆ ಸರ್ಕಾರಿ ಆರೋಗ್ಯ ವಿಮೆಯಲ್ಲಿ ಜಾಗ ಸಿಕ್ಕಿದೆ. ಬೇರೆ ಕಡೆ ಬಹಳ ಕಾಲ ಕ್ಲೋರ್‌ಹೆಕ್ಸಿಡಿನ್ ಎಂಬ ಔಷಧದಿಂದ ಬಾಯಿ ಒರೆಸಿದರೆ ಮುಗಿಯಿತು ಎಂದುಕೊಂಡಿದ್ದರು. 2022ರಲ್ಲಿ ಅಮೆರಿಕದ ಸೋಂಕು ತಜ್ಞರ ಸಂಘಗಳು ವೆಂಟಿಲೇಟರ್ ರೋಗಿಗಳ ವಿಷಯದಲ್ಲಿ ಸ್ಪಷ್ಟವಾಗಿ ಹೇಳಿದವು: ಆ ಔಷಧ ಬೇಡ, ಬ್ರಷ್ ಹಿಡಿದು ಹಲ್ಲುಜ್ಜಿ. ಮರುವರ್ಷ 15 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ, ಆಸ್ಪತ್ರೆಯಲ್ಲಿ ಹಲ್ಲುಜ್ಜಿಸಿಕೊಂಡವರಲ್ಲಿ ನ್ಯುಮೋನಿಯಾ ಸುಮಾರು ಮೂರನೇ ಒಂದು ಭಾಗ ಕಡಿಮೆಯಿತ್ತು. ಜಾಸ್ತಿ ಲಾಭವಾದದ್ದು ವೆಂಟಿಲೇಟರ್ ಮೇಲಿದ್ದವರಿಗೆ. ಐಸಿಯುನಲ್ಲಿ ಸಾವೂ ಇಳಿದಿತ್ತು. ಒಂದು ಟೂತ್‌ಬ್ರಷ್ ಮಾಡಿದ ಕೆಲಸ ಇದು!

ಇನ್ನು ಆಹಾರ ತಜ್ಞರ ಮಾತು. 1936ರಲ್ಲಿ ಹೈರಮ್ ಸ್ಟಡ್ಲಿ ಎಂಬ ಸರ್ಜನ್ ಜಠರದ ಹುಣ್ಣಿಗೆ ಆಪರೇಷನ್ ಆದವರ ತೂಕದ ಲೆಕ್ಕ ತೆಗೆದರು. ಆಪರೇಷನ್‌ಗೆ ಮೊದಲೇ ತೂಕದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಕಳೆದುಕೊಂಡಿದ್ದವರಲ್ಲಿ ಮೂವರಲ್ಲಿ ಒಬ್ಬರು ತೀರಿಕೊಂಡಿದ್ದರು. ಉಳಿದವರಲ್ಲಿ ಸಾವು ನೂರಕ್ಕೆ ನಾಲ್ಕರಷ್ಟೂ ಇರಲಿಲ್ಲ. ಇದನ್ನು ಕಂಡುಹಿಡಿಯಲು ಬೇಕಾದದ್ದು ಒಂದು ತೂಕದ ಯಂತ್ರ, ಅಷ್ಟೇ. ಗಾಯ ಕೂಡಲು ಪ್ರೋಟೀನ್ ಬೇಕು. ಊಟದಿಂದ ಬರದಿದ್ದರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸುತ್ತದೆ, ಉಸಿರಾಡಿಸುವ ಸ್ನಾಯುವನ್ನೂ ಬಿಡುವುದಿಲ್ಲ. ಅದಕ್ಕೇ ಯುರೋಪಿನ ಪೋಷಣಾ ತಜ್ಞರ ಮಾರ್ಗಸೂಚಿ, ತೀರಾ ಸೊರಗಿದವರಿಗೆ 7ರಿಂದ 14 ದಿನ ಪೋಷಣೆ ಕೊಟ್ಟು ಆಮೇಲೆ ಆಪರೇಷನ್ ಮಾಡಿ ಎನ್ನುತ್ತದೆ. ಕ್ಯಾನ್ಸರ್ ಆಪರೇಷನ್ ಆದರೂ ಸರಿ.

ಬಾಯಿ, ಊಟ ಎರಡೂ ಒಂದೇ ವಿಷಯ ಎಂದು ನನಗೆ ಮನದಟ್ಟಾದದ್ದು ನಮ್ಮ ಬಂಧುವೊಬ್ಬರ ಆಪರೇಷನ್ ಸಮಯದಲ್ಲಿ. ಥಿಯೇಟರಿಗೆ ಹೋಗುವ ಮುನ್ನ ಅವರ ಹಲ್ಲಿನ ಸೆಟ್ ತೆಗೆಸಿದರು. ತೆಗೆಯಲೇಬೇಕು, ಸರಿ. ಆದರೆ ಅದನ್ನು ವಾಪಸ್ ಹಾಕಿಕೊಡುವುದು ಯಾರ ಕೆಲಸವೂ ಆಗಿರಲಿಲ್ಲ. ತಟ್ಟೆ ಬರುತ್ತಿತ್ತು, ಮುಟ್ಟದೆ ಹೋಗುತ್ತಿತ್ತು. ‘ಹಸಿವಿಲ್ಲ’ ಎಂದು ಫೈಲಿನಲ್ಲಿ ಬರೆದುಕೊಂಡರು. ಆ ಮನುಷ್ಯನಿಗೆ ಹಸಿವಿತ್ತು, ಅಗಿಯಲು ಹಲ್ಲಿರಲಿಲ್ಲ! ಆಕ್ಸಿಜನ್ ಮಾಸ್ಕಿನಿಂದ ಬಾಯಿ ಒಣಗಿ ನಾಲಿಗೆ ಬಿರಿದಿತ್ತು. ಅದನ್ನೂ ಯಾರೂ ನೋಡಿರಲಿಲ್ಲ.

ಇದಕ್ಕೆ ನರ್ಸ್‌ಗಳನ್ನು ದೂರಲು ನನಗೆ ಮನಸ್ಸಿಲ್ಲ. ಒಬ್ಬೊಬ್ಬರ ತಲೆಯ ಮೇಲೆ ಎಷ್ಟು ಹಾಸಿಗೆ ಹೊರಿಸಿದ್ದಾರೆ ನೋಡಿ. ತಪ್ಪು ಇನ್ನೂ ಹಳೆಯದು. ಜಗತ್ತಿನ ಮೊದಲ ದಂತ ವೈದ್ಯಕೀಯ ಕಾಲೇಜು 1840ರಲ್ಲಿ ಬಾಲ್ಟಿಮೋರಿನಲ್ಲಿ ಶುರುವಾಯಿತು. ಹಲ್ಲಿನ ವಿದ್ಯೆ ಅದರಿಂದ ಬೆಳೆಯಿತು, ನಿಜ. ಆದರೆ ಡಾಕ್ಟರುಗಳಿಗೆ ಬಾಯಿ ಪರರ ಸೊತ್ತಾಯಿತು. ಬೇರೆ ಕಾಲೇಜು, ಬೇರೆ ಆಸ್ಪತ್ರೆ, ಬೇರೆ ವಿಮೆ. ಮೂತ್ರ ಎಷ್ಟು ಮಿಲಿಲೀಟರ್ ಹೋಯಿತು ಎಂದು ಚಾರ್ಟಿನಲ್ಲಿ ಬರೆಯುತ್ತಾರೆ, ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂದು ಬರೆಯುವವರು ಕಡಿಮೆ. ಯಂತ್ರ ಮಾಡಿದ್ದು ಬಿಲ್ಲಿನಲ್ಲಿ ಬರುತ್ತದೆ. ಕೈ ಮಾಡಿದ ಆರೈಕೆ ಎಲ್ಲೂ ಕಾಣುವುದಿಲ್ಲ, ಹಾಗಾಗಿ ಅದಕ್ಕೆ ಆಳನ್ನೂ ಇಡುವುದಿಲ್ಲ. ನನಗೆ ಕೋಪ ಬರುವುದು ಇದಕ್ಕೆ.

ನಿಮ್ಮ ಮೇಲೂ ಒಂದು ಸಣ್ಣ ಆಕ್ಷೇಪ ಇದೆ. ದುಬಾರಿ ಸ್ಕ್ಯಾನ್ ಬರೆದುಕೊಟ್ಟಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲ, ಅಲ್ವಾ? ಅಪ್ಪನನ್ನು ಈ ವಾರವೇ ಕರೆದುಕೊಂಡು ಹೋಗಿ. ಆರು ತಿಂಗಳ ಹಿಂದಿನ ತೂಕ, ಈಗಿನ ತೂಕ ಎರಡನ್ನೂ ಬರೆದುಕೊಂಡು ಹೋಗಿ. ಆಪರೇಷನ್‌ನ ಹಿಂದಿನ ರಾತ್ರಿಯಿಂದಲೇ ನೀರೂ ಬಿಡಬೇಕೇ ಎಂದು ಅರಿವಳಿಕೆ ಡಾಕ್ಟರನ್ನು ಕೇಳಿ. ಬೇರೆ ತೊಂದರೆ ಇಲ್ಲದವರು ಎರಡು ಗಂಟೆ ಮೊದಲಿನವರೆಗೂ ನೀರು ಕುಡಿಯಬಹುದು, ಲಘು ಆಹಾರಕ್ಕೆ ಆರು ಗಂಟೆಯ ಅಂತರ ಸಾಕು ಎಂದು ಅವರದೇ ಮಾರ್ಗಸೂಚಿ ಹೇಳುತ್ತದೆ. ಅಪ್ಪನಿಗೆ ಹಲ್ಲಿನ ಸೆಟ್ ಇದ್ದರೆ ಡಬ್ಬಿಯ ಮೇಲೆ ಹೆಸರು ಬರೆದು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಮೆದುವಾದ ಬ್ರಷ್ ಒಂದನ್ನು ಚೀಲದಲ್ಲಿಡಿ. ಎಚ್ಚರವಾದಮೇಲೆ ಹಲ್ಲುಜ್ಜಿಸುವುದು ಯಾರು, ಯಾವಾಗ ಎಂದು ವಾರ್ಡಿನಲ್ಲಿ ಮೊದಲ ದಿನವೇ ಕೇಳಿ. ಯಾರೂ ಇಲ್ಲ ಎಂದರೆ, ಹೇಗೆ ಉಜ್ಜಿಸಬೇಕೆಂದು ಅವರಿಂದಲೇ ಕಲಿತು ನೀವೇ ಉಜ್ಜಿಸಿ.