ಜೂನ್ ಕೊನೇ ವಾರ ಅಪ್ಪ-ಅಮ್ಮನಿಗೆ ಸಮುದ್ರ ತೋರಿಸಬೇಕು. ಮುರುಡೇಶ್ವರವೋ ಮರವಂತೆಯೋ, ಎಲ್ಲಿ ಮಳೆ ಕಡಿಮೆ?

ಎರಡೂ ಬೇಡ.

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸಿತು. ಊರಿಂದ ಬರುವ ಅಜ್ಜ-ಅಜ್ಜಿ, ಶಾಲೆಗೆ ಹೋಗುವ ಎರಡು ಮಕ್ಕಳು, ಶಿವಮೊಗ್ಗದಿಂದ ಸ್ವಂತ ಕಾರು, ಶುಕ್ರವಾರಕ್ಕೊಂದು ರಜೆ. ಕೊನೆಗೆ "ತಾಜಾ ಮೀನೂಟ ಎಲ್ಲಿ ಸಿಗುತ್ತೆ" ಅಂತ ಒಂದು ಬಾಲಂಗೋಚಿ. ಆ ಮೀನೊಂದನ್ನು ಬಿಟ್ಟರೆ ಇದು ಮೂರು ವರ್ಷದ ಹಿಂದಿನ ನಮ್ಮ ಮನೆಯೇ.

ನನ್ನ ತವರು ಗದಗ ಜಿಲ್ಲೆ, ಮುಂಡರಗಿ ಹತ್ತಿರದ ಒಂದು ಹಳ್ಳಿ. ಎರೆ ಭೂಮಿ. ಅಪ್ಪನಿಗೆ ಆಗ 71, ಅವ್ವನಿಗೆ 66. ಇಬ್ಬರೂ ಸಮುದ್ರ ನೋಡಿರಲಿಲ್ಲ. "ಹೆಸರು ಬಿತ್ತಿ ಬರ್ತೀನವಾ" ಅಂತ ಅಪ್ಪ ಫೋನಿನಲ್ಲಿ ಹೇಳಿದ್ದರು. ಬಿತ್ತನೆ ಮುಗಿಸಿ, ರೊಟ್ಟಿ ಗಂಟು, ಗುರೆಳ್ಳು ಚಟ್ನಿ ಡಬ್ಬಿ ಹಿಡಿದು ಶಿವಮೊಗ್ಗಕ್ಕೆ ಬಂದಿಳಿದಾಗ ಜೂನ್ ಮೂರನೇ ವಾರ.

ಸಮುದ್ರ ತೋರಿಸು ಅಂತ ಅವರು ಕೇಳಿರಲಿಲ್ಲ. ಅದು ನನ್ನ ತಲೆಯಲ್ಲಿ ಹುಟ್ಟಿದ್ದು. ಆದರೆ ಒಮ್ಮೆ ಬಾಯಿಬಿಟ್ಟ ಮೇಲೆ ಅವ್ವ ಸುಮ್ಮನೆ ಕೂರಲಿಲ್ಲ. ಗಂಗವ್ವನಿಗೆ ಉಡಿ ತುಂಬಬೇಕು ಅಂದರು. ಗಾಂಧಿ ಬಜಾರಿಗೆ ನನ್ನನ್ನು ಎಳೆದುಕೊಂಡು ಹೋಗಿ ಹಸಿರು ಖಣ, ಬಳೆ, ಕೊಬ್ಬರಿ ಬಟ್ಟಲು, ಐದು ಉತ್ತತ್ತಿ, ಐದು ಅಡಿಕೆ, ಅರಿಶಿನ ಕೊಂಬು ಎಲ್ಲ ತಂದರು. ಅದನ್ನು ಒಂದು ಬಟ್ಟೆಯಲ್ಲಿ ಕಟ್ಟಿ, ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಬ್ಯಾಗಿನ ಮೇಲ್ಗಡೆ ಇಟ್ಟುಕೊಂಡರು. ಈ ಗಂಟು ಮುಂದೆ ಮತ್ತೆ ಬರುತ್ತೆ.

ಈಗ ನನ್ನ ತಪ್ಪಿನ ಕಥೆ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ. ಯಾಕಂದ್ರೆ ನೀವೂ ಅದನ್ನೇ ಮಾಡುತ್ತಿದ್ದೀರಿ. "ಈ ವರ್ಷ ನಮ್ಮಲ್ಲಿ ಮಳೆ ಅಷ್ಟೇನಿಲ್ಲ" ಅಂತ ಬರೆದಿದ್ದೀರಲ್ಲ, ಆ "ನಮ್ಮಲ್ಲಿ" ಅನ್ನೋ ಮಾತೇ ನನ್ನನ್ನು ಮುಳುಗಿಸಿದ್ದು.

ನಾನು ಶಿವಮೊಗ್ಗದ ಆಕಾಶ ನೋಡಿ ಸಮುದ್ರದ ಲೆಕ್ಕ ಹಾಕಿದೆ. ಆ ವಾರ ಇಲ್ಲಿ ಬೆಳಿಗ್ಗೆ ಜಿಟಿಜಿಟಿ, ಮಧ್ಯಾಹ್ನ ಬಿಸಿಲು. ಟೆರೇಸಿನ ಮೇಲೆ ಬಟ್ಟೆ ಒಣಗುತ್ತಿತ್ತು. ಫೋನಿನಲ್ಲಿ ದಿನಕ್ಕೆ ನಾಲ್ಕು ಸಲ ಹವಾಮಾನ ನೋಡುತ್ತಿದ್ದೆ. ಮೋಡ, ಅದರ ಪಕ್ಕ ಒಂದು ಸೂರ್ಯನ ಚಿತ್ರ, ಕೆಳಗೆ ಎರಡು ಹನಿ. ಅದರ ಮೇಲ್ಗಡೆ "ಶಿವಮೊಗ್ಗ" ಅಂತ ಬರೆದಿತ್ತು. ನಾನು ಹೋಗುತ್ತಿರುವುದು ಶಿವಮೊಗ್ಗಕ್ಕಲ್ಲ ಅನ್ನೋದು ಒಂದು ಸಲವೂ ಹೊಳೆಯಲಿಲ್ಲ. ಹತ್ತು ವರ್ಷದಿಂದ ಮಲೆನಾಡಿನ ಸೊಸೆ ನಾನು. ಆದರೂ ಹೊಳೆಯಲಿಲ್ಲ.

ನಮ್ಮ ಶಿವಮೊಗ್ಗ ಪೇಟೆ ಇರುವುದು ಮಲೆನಾಡಿನ ಹೊಸ್ತಿಲಲ್ಲಿ, ಒಳಮನೆಯಲ್ಲಲ್ಲ. ನೈಋತ್ಯದಿಂದ ಬರುವ ಗಾಳಿ ಸಮುದ್ರದ ನೀರನ್ನೆಲ್ಲ ಹೊತ್ತು ತಂದು ಘಟ್ಟಕ್ಕೆ ಗುದ್ದುತ್ತೆ. ಗುದ್ದಿದಲ್ಲೇ ಸುರಿಯುತ್ತೆ. ಕರಾವಳಿ, ಆಗುಂಬೆ, ಹುಲಿಕಲ್ಲು, ಎಲ್ಲರಿಗೂ ಬಡಿಸಿ ಮುಗಿದ ಮೇಲೆ ನಮಗೆ ಸಿಗುವುದು ಪಾತ್ರೆಯ ತಳದ್ದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುತ್ತೆ. ಶಿವಮೊಗ್ಗ ಪೇಟೆಯಲ್ಲಿ 1000ದ ಆಸುಪಾಸು. ನಡುವೆ ಇರುವುದು ಎರಡು ಗಂಟೆಯ ದಾರಿ. ಹಾಗಾಗಿ ಇಲ್ಲಿ ಬಿಸಿಲಿದ್ದರೆ ಅಲ್ಲೂ ಬಿಡುವು ಕೊಟ್ಟಿದೆ ಅಂತ ಅರ್ಥವೇ ಅಲ್ಲ.

ಎರಡನೇ ಪೆದ್ದತನ, ಅಲರ್ಟ್ ನೋಡಿದ್ದು. ನೋಡಿದ್ದು ಸರಿ, ನಮ್ಮ ಜಿಲ್ಲೆಯದ್ದನ್ನು ಮಾತ್ರ ನೋಡಿದೆ. ಹವಾಮಾನ ಇಲಾಖೆ ಬಣ್ಣ ಕೊಡುವುದು ಜಿಲ್ಲೆವಾರು. ನಮಗೆ ಹಳದಿ ಇತ್ತು, ಸರಿ ಅಂತ ಬ್ಯಾಗ್ ತುಂಬಿದೆ. ಮುರುಡೇಶ್ವರ ಇರುವುದು ಉತ್ತರ ಕನ್ನಡದಲ್ಲಿ, ಅಲ್ಲಿಗೆ ಅದೇ ದಿನ ಕೆಂಪು ಹಾಕಿದ್ದರು. ಕೆಂಪು ಅಂದ್ರೆ 24 ಗಂಟೆಯಲ್ಲಿ 204 ಮಿಲಿಮೀಟರಿಗಿಂತ ಜಾಸ್ತಿ ಬೀಳಬಹುದು ಅಂತ. ಇದು ನನಗೆ ಗೊತ್ತಾಗಿದ್ದು ಹೊನ್ನಾವರ ತಲುಪಿದ ಮೇಲೆ, ಟೀ ಅಂಗಡಿಯ ಟಿವಿಯಲ್ಲಿ.

ಇನ್ನು ಅಪ್ಪ. ಹೊರಡುವ ಎರಡು ದಿನ ಮೊದಲು ಕ್ಯಾಲೆಂಡರ್ ಮುಂದೆ ಕನ್ನಡಕ ಏರಿಸಿ ನಿಂತಿದ್ದರು. "ಆರಿದ್ರಾ ಹಿಡಿತೈತಲ್ಲವಾ, ಈಗ ಹೋಗೂದ?" ಅಂದರು. "ಅಪ್ಪಾ, ಅದೆಲ್ಲ ನಿಮ್ಮ ಕಡೆ. ಫೋನಿನಲ್ಲಿ ಮಳೆ ತೋರಿಸ್ತಿಲ್ಲ" ಅಂದೆ ನಾನು. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರಾ" ಅಂತ ಗಾದೆ ಹೇಳಿಕೊಂಡು ಬೆಳೆದವಳು ಹೇಳಿದ ಮಾತು ಇದು. ಅಪ್ಪ ಮತ್ತೆ ಮಾತಾಡಲಿಲ್ಲ.

ರೂಮು ಬುಕ್ ಮಾಡಿದ್ದು ಅದಕ್ಕೂ ಮೊದಲು. ಎರಡು ರೂಮು, ಎರಡು ರಾತ್ರಿ, 11,200 ರೂಪಾಯಿ, ಪೂರ್ತಿ ಮುಂಗಡ, ವಾಪಸ್ ಇಲ್ಲ. ನಲವತ್ತು ಪರ್ಸೆಂಟ್ ರಿಯಾಯಿತಿ ಸಿಕ್ಕಿತು ಅಂತ ನಮ್ಮೋರಿಗೆ ಹೆಮ್ಮೆಯಿಂದ ತೋರಿಸಿದ್ದೆ. ಸಮುದ್ರದ ಎದುರಿನ ರೂಮನ್ನು ಯಾಕೆ ಅರ್ಧ ರೇಟಿಗೆ ಕೊಡುತ್ತಿದ್ದಾರೆ ಅಂತ ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ಆಯನೂರಿನಲ್ಲಿ ವೈಪರ್ ಆಗೊಮ್ಮೆ ಈಗೊಮ್ಮೆ. ಆನಂದಪುರದಲ್ಲಿ ಬಿಡದೆ. ಸಾಗರ ದಾಟಿದ ಮೇಲೆ ವೈಪರ್ ಇದ್ದೂ ಇಲ್ಲದ ಹಾಗೆ. ಗೇರುಸೊಪ್ಪೆ ಘಟ್ಟದಲ್ಲಿ ರಸ್ತೆಗೆ ಅಡ್ಡ ಮರ ಬಿದ್ದಿತ್ತು. ಅದನ್ನು ಕೊಯ್ದು ಎಳೆಯುವ ತನಕ ಎರಡು ಗಂಟೆ ಕಾರಿನೊಳಗೆ. ಚಿಕ್ಕವನು ತಿರುವಿನಲ್ಲಿ ವಾಂತಿ ಮಾಡಿದ್ದು ಅಜ್ಜನ ಧೋತರದ ಮೇಲೆ. ಐದು ಗಂಟೆಯ ದಾರಿ ಒಂಬತ್ತು ಗಂಟೆ ಹಿಡಿಯಿತು.

ಮುರುಡೇಶ್ವರದ ಶಿವನ ಮೂರ್ತಿ 123 ಅಡಿ. ನಮಗೆ ಕಂಡಿದ್ದು ಸುಮಾರು ಎದೆಯವರೆಗೆ, ಮೇಲಿನದ್ದು ಮೋಡದಲ್ಲಿ. ಗೋಪುರಕ್ಕೆ ಲಿಫ್ಟ್ ಇದೆ, ಹದಿನೆಂಟನೇ ಅಂತಸ್ತಿನ ತನಕ ಹೋಗಬಹುದು. ಹೋದೆವು. ಕಿಟಕಿಯಾಚೆ ಬೆಳ್ಳಗೆ, ನಾಲ್ಕೂ ಕಡೆ ಬೆಳ್ಳಗೆ. ಅಪ್ಪ ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿ, "ಎಲ್ಲೈತಿ?" ಅಂದರು. ನಮ್ಮೋರು "ಅಲ್ಲೇ ಇದೆ ಮಾವ, ಎದುರಿಗೇ" ಅಂದರು. ಸಮುದ್ರದ ಸದ್ದು ಮಾತ್ರ ಕೇಳಿಸುತ್ತಿತ್ತು.

ಕೆಳಗೆ ದಂಡೆಗೆ ಹಗ್ಗ ಕಟ್ಟಿದ್ದರು, ಕೆಂಪು ಬಾವುಟ ನೆಟ್ಟಿದ್ದರು. ಅವ್ವ ಉಡಿಯ ಗಂಟು ಹಿಡಿದು ಹಗ್ಗದ ಹತ್ತಿರ ಹೋದದ್ದೇ ತಡ, ಕಾವಲಿನ ಹುಡುಗ ಸೀಟಿ ಊದುತ್ತಾ ಓಡಿ ಬಂದ. "ಅಜ್ಜಿ, ಹಿಂದೆ ಬನ್ನಿ, ಅಲೆ ಎಳೀತದೆ." ಅವನದ್ದೇನೂ ತಪ್ಪಿಲ್ಲ. ಮೊಣಕಾಲು ನೋಯುವ ಮುದುಕಿಯನ್ನು ಆ ಅಲೆಯ ಹತ್ತಿರ ಯಾರೂ ಬಿಡಬಾರದು. ಅವ್ವ ಗಂಟನ್ನು ಮತ್ತೆ ಸೆರಗಿನೊಳಗೆ ಮುಚ್ಚಿಕೊಂಡು ಬಂದು ಕಾರಿನಲ್ಲಿ ಕೂತರು.

ಉಳಿದದ್ದೆಲ್ಲ ರೂಮು. ಕರೆಂಟು ಬರುವುದು, ಹೋಗುವುದು. ಹಾಸಿಗೆ ತಣ್ಣಗೆ, ಮುಟ್ಟಿದರೆ ಒದ್ದೆಯೋ ಏನೋ ಅನ್ನೋ ಹಾಗೆ. ಅವ್ವನ ಇಳಕಲ್ ಸೀರೆಯನ್ನು ಫ್ಯಾನಿನಿಂದ ಕಿಟಕಿಗೆ ಇಳಿಬಿಟ್ಟಿದ್ದೆವು. ಎರಡು ದಿನವಾದರೂ ಒಣಗದೆ ಮುಗ್ಗುಲು ವಾಸನೆ ಹಿಡಿಯಿತು. ಕೆಳಗೆ ಲಾಡ್ಜಿನ ಬಿಳಿ ಟವೆಲ್ ಇತ್ತು. ಸೀರೆಯ ಕೆಂಪು ಅದಕ್ಕೆ ಇಳಿದು ಹೊರಡುವಾಗ 300 ರೂಪಾಯಿ ದಂಡ ಬೇರೆ. ಮಕ್ಕಳ ಮೊಬೈಲ್ ಚಾರ್ಜ್ ಮುಗಿಯಿತು, ಜಗಳ ಶುರುವಾಯಿತು. ಅಪ್ಪ ವರಾಂಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಟೋಪಿ ತೊಡೆಯ ಮೇಲಿಟ್ಟು ಕೂತಿದ್ದರು. "ಅಳಿಯಂದ್ರ, ಎಷ್ಟ್ ರೊಕ್ಕ ಕೊಟ್ರಿ ಈ ಖೋಲಿಗೆ?" ನಮ್ಮೋರು ನನ್ನ ಮುಖ ನೋಡಿದರು. ನಾನು ಆರು ಸಾವಿರ ಅಂದೆ. ಅಪ್ಪ ಅದಕ್ಕೂ ನಕ್ಕರು. "ಸಮುದ್ರ ನೋಡಾಕ ಬಂದ್ರ, ಸಮುದ್ರನ ಮ್ಯಾಲಿಂದ ಬೀಳಾಕತ್ತೈತಲ್ಲವಾ!"

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮುರುಡೇಶ್ವರಕ್ಕೂ ಮರವಂತೆಗೂ ನಡುವೆ ಐವತ್ತು ಕಿಲೋಮೀಟರ್ ಆಸುಪಾಸು. ಒಂದೇ ದಂಡೆ, ಒಂದೇ ಗಾಳಿ. ಒಂದು ಕಡೆ ಸುರಿದು ಇನ್ನೊಂದು ಕಡೆ ಬಿಡುತ್ತೆ ಅನ್ನೋದೆಲ್ಲ ಸುಮ್ನೆ. ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕಾ, ಒಂದು ಕಡೆ ಸಮುದ್ರ, ನಡುವೆ ಹೆದ್ದಾರಿ. ಕಾರಿನಲ್ಲೇ ಕೂತು ನೋಡಬಹುದು ಅನ್ನೋದೊಂದು ಅನುಕೂಲ, ಅಷ್ಟೇ. ಆದರೆ ಹತ್ತು ನಿಮಿಷ ಕಾರಿನ ಗಾಜಿನಿಂದ ಸಮುದ್ರ ನೋಡಲು ಘಟ್ಟ ಇಳಿಯಬೇಕಾ? ಅದೂ ನೀವು ಹೇಳಿದ ಹಾಗೆ ಆಗುಂಬೆ ದಾರಿಯಲ್ಲಿ, ಹದಿನಾಲ್ಕು ತಿರುವು, ವಯಸ್ಸಾದವರನ್ನು ಕೂರಿಸಿಕೊಂಡು?

ಮೀನಿನ ಆಸೆಯನ್ನೂ ಬಿಡಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಮೀನು ಮರಿ ಮಾಡುವ ಕಾಲ ಅಂತ. ನಾಡದೋಣಿಯವರಿಗೆ ಸಿಕ್ಕಿದ್ದು ಸಿಕ್ಕರೆ ನಿಮ್ಮ ಪುಣ್ಯ. ಇಲ್ಲದಿದ್ದರೆ ಹೋಟೆಲಿನವರು ಐಸಿನಲ್ಲಿಟ್ಟದ್ದನ್ನೇ ಹುರಿದು ಕೊಡುತ್ತಾರೆ. ಅದು ಶಿವಮೊಗ್ಗದಲ್ಲೂ ಸಿಗುತ್ತೆ.

ಸಮುದ್ರ ತೋರಿಸಲೇಬೇಕಾ? ನವೆಂಬರ್ ಕಳೆದ ಮೇಲೆ ಕರೆಸಿಕೊಳ್ಳಿ. ಜನವರಿಯಾದರೆ ಇನ್ನೂ ಒಳ್ಳೆಯದು, ಅಲೆ ಸಣ್ಣದು, ಡಿಸೆಂಬರ್ ಕೊನೆಯ ನೂಕುನುಗ್ಗಲೂ ಇರೋದಿಲ್ಲ. ಜೂನಿನಲ್ಲೇ ಬರುವವರಿಗೆ ಜೂನಿನಲ್ಲಿ ಇರುವುದನ್ನು ತೋರಿಸಿ. ಸಕ್ರೆಬೈಲಿಗೆ ಬೆಳಿಗ್ಗೆಯೇ ಹೋದರೆ ಆನೆ ಮೀಯುವುದು ನೋಡಬಹುದು, ನಮ್ಮ ಮನೆಯಿಂದ ಅರ್ಧ ಗಂಟೆ. ಇಕ್ಕೇರಿ, ಕೆಳದಿ ದೇವಸ್ಥಾನಗಳು ಕಲ್ಲಿನ ಮಾಡು, ಎಷ್ಟು ಹೊಯ್ದರೂ ಒಳಗೆ ಬೆಚ್ಚಗೆ ಕೂರಬಹುದು. ಜೋಗಕ್ಕೆ ಹೋದರೆ ಅವಸರ ಮಾಡಬೇಡಿ. ನಾವು ವಾಪಸ್ ಬರುವಾಗ ಇಪ್ಪತ್ತು ನಿಮಿಷ ನಿಂತು, ಮಂಜು ಬಿಟ್ಟು ಏನೂ ಕಾಣದೆ, ಜೋಳದ ತೆನೆ ತಿಂದು ಹೊರಟೆವು. ಕಾರಿನ ಬಾಗಿಲು ಹಾಕುವಾಗ ಹಿಂದಿನಿಂದ ಜನ "ಓ" ಅಂದರು. ಮಂಜು ಸರಿದಿತ್ತು. ಅಷ್ಟರಲ್ಲಿ ನಾವು ಓಡಿ ಹೋದರೆ ಮತ್ತೆ ಪರದೆ.

ಅಪ್ಪ ನಿಜವಾಗಿ ಖುಷಿಯಾಗಿದ್ದು ಶಿವಮೊಗ್ಗಕ್ಕೆ ವಾಪಸ್ ಬಂದ ಮೇಲೆ. ಸೋಮವಾರ ಪಕ್ಕದ ಮನೆಯವರು ಬಂದು "ಮಂಟಪ ಮುಳುಗೋ ಹಾಗಿದೆಯಂತೆ" ಅಂದರು. ನಿಮಗೆ ಗೊತ್ತಲ್ಲ, ತುಂಗೆಯ ನಡುವಿನ ಕೋರ್ಪಲಯ್ಯನ ಛತ್ರದ ಮಂಟಪ. ಶಿವಮೊಗ್ಗದವರ ಮಳೆ ಮಾಪನ ಅದೇ. ನೋಡಲು ಹೋದರೆ ಅಪ್ಪ ಕೊಡೆ ಹಿಡಿದು ಒಂದು ಗಂಟೆ ಕದಲಲಿಲ್ಲ. ಕೆಂಪು ನೀರು, ಅದರ ಮೇಲೆ ಬಾಳೆಗಿಡ, ಮರದ ಕೊಂಬೆ ತೇಲಿಕೊಂಡು ಹೋಗುತ್ತಿತ್ತು. "ಇಷ್ಟ್ ನೀರು ಎತ್ತಾಗ ಹೊಂಟೈತಿ?" ಅಂದರು. ನಿಮ್ಮೂರಿಗೇ ಅಂದೆ. ನಂಬಲಿಲ್ಲ.

ಮಾರನೇ ದಿನ ಕೂಡ್ಲಿಗೆ ಕರೆದುಕೊಂಡು ಹೋದೆವು. ತುಂಗಾ, ಭದ್ರಾ ಸೇರುವ ಜಾಗ. ಒಂದು ಕಡೆ ತುಂಗೆ ಕೆಂಪಗೆ ನುಗ್ಗಿ ಬರುತ್ತಿದ್ದಳು. ಇನ್ನೊಂದು ಕಡೆ ಭದ್ರೆ ಸಪ್ಪಗೆ. ನಮ್ಮೋರು ಅಪ್ಪನಿಗೆ ಲೆಕ್ಕ ಬಿಡಿಸಿದರು. ಗಾಜನೂರಿನ ತುಂಗಾ ಡ್ಯಾಂ 3.24 ಟಿಎಂಸಿ, ಚಿಕ್ಕದು, ಬೇಗ ತುಂಬಿ ಗೇಟು ಎತ್ತುತ್ತಾರೆ. ಭದ್ರಾ ಡ್ಯಾಂ 71.5 ಟಿಎಂಸಿ, ಅದಕ್ಕಿನ್ನೂ ಹೊಟ್ಟೆ ತುಂಬಿಲ್ಲ. ಇಲ್ಲಿಂದ ಹೊನ್ನಾಳಿ, ಹರಿಹರ ದಾಟಿ ಈ ನೀರು ಹೋಗುವುದು ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಬ್ಯಾರೇಜಿಗೆ. ಹಮ್ಮಿಗಿ ಹೆಸರು ಕೇಳಿದ್ದೇ ಅಪ್ಪನ ಕಣ್ಣು ಅರಳಿತು. ಸಿಂಗಟಾಲೂರು ಏತ ನೀರಾವರಿಯ ನೀರು ಅಲ್ಲಿಂದಲೇ ಎತ್ತುವುದು. ಅಪ್ಪನ ತಮ್ಮನ ಹೊಲ ಆ ಕಡೆಗೇ ಇದೆ.

ಅವ್ವ ಆಗಲೇ ಮೇಲಿನ ಮೆಟ್ಟಿಲಲ್ಲಿ ಕೂತು ಗಂಟು ಬಿಚ್ಚುತ್ತಿದ್ದರು. ಖಣ ಒದ್ದೆಯಾಗಿರಲಿಲ್ಲ. ದೊಡ್ಡವಳು ಅಜ್ಜಿಯ ಸೆರಗು ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಮುರುಡೇಶ್ವರದ ಸೀಟಿ ಇನ್ನೂ ಅವಳ ಕಿವಿಯಲ್ಲಿತ್ತು ಅನ್ನಿಸುತ್ತೆ. ಉತ್ತತ್ತಿ ಒಂದೊಂದಾಗಿ ನೀರಿಗೆ ಬಿತ್ತು.

ಅಪ್ಪ ಅಷ್ಟರಲ್ಲಿ ದೂರ ಹೋಗಿ ಊರಿಗೆ ಫೋನ್ ಹಚ್ಚಿದ್ದರು. ಮಳೆ ಸದ್ದಿಗೆ ಜೋರಾಗಿ ಕೂಗುತ್ತಿದ್ದರು. ಆಮೇಲೆ ಇಲ್ಲಿದ್ದ ಅಷ್ಟೂ ದಿನ, ಬೆಳಿಗ್ಗೆ ಚಹಾ ಲೋಟ ಕೈಗೆ ಬಂದ ತಕ್ಷಣ ತಮ್ಮನಿಗೆ ಅದೇ ಫೋನ್: "ಹಮ್ಮಿಗಿಗೆ ನೀರ್ ಬಂತೇನಲೇ? ನಾ ಇಲ್ಲಿಂದ ಕಳಿಸೀನಿ, ನೋಡ್ಕೋ."