ಮಳೆಗೆ ಒಡ್ಡಿದ ಮೆಟ್ಟಿಲಿಗೆ ಮರದ ಕೈಹಿಡಿ

ಪ್ರಶ್ನೆ: ತೀರ್ಥಹಳ್ಳಿ ಸಮೀಪದ ನಮ್ಮ ಮನೆಯ ಅಂಗಳದ ಮೆಟ್ಟಿಲಿಗೆ ಹಾಕಿಸಿದ್ದ ಮರದ ಕೈಹಿಡಿಯ ಕಂಬಗಳು ಮೂರೇ ಮಳೆಗಾಲಕ್ಕೆ ಬುಡದಲ್ಲಿ ಕುಂಬಾದವು. ವಯಸ್ಸಾದ ತಾಯಿಯವರಿಗೆ ಆಸರೆ ಬೇಕೇ ಬೇಕು. ಮತ್ತೆ ಮರವನ್ನೇ ಹಾಕಿಸಬಹುದೇ?

ಉತ್ತರ: ಖಂಡಿತ ಹಾಕಿಸಬಹುದು. ಕಂಬಗಳನ್ನು ನೇರವಾಗಿ ಸಿಮೆಂಟಿನಲ್ಲಿ ಹೂತಿದ್ದರೆ ತಪ್ಪು ಅಲ್ಲಿಯೇ ಇದೆ. ಮರಕ್ಕೂ ಕಾಂಕ್ರೀಟಿಗೂ ನಡುವಿನ ಕೂದಲೆಳೆಯಷ್ಟು ಬಿರುಕಿಗೆ ಇಳಿದ ನೀರು ಹೊರಬರಲು ದಾರಿಯಿಲ್ಲದೆ, ಕಂಬವು ಮೇಲೆ ಗಟ್ಟಿಯಾಗಿ ಕಾಣುತ್ತಲೇ ಬುಡದಲ್ಲಿ ಕೊಳೆಯುತ್ತದೆ. ಈ ಬಾರಿ ಸ್ಟೇನ್‌ಲೆಸ್ ಸ್ಟೀಲಿನ ಪಾದಗಳನ್ನು ನೆಲಕ್ಕೆ ಬೋಲ್ಟ್ ಮಾಡಿಸಿ, ಕಂಬದ ತುದಿ ನೆಲದಿಂದ ಒಂದು ಅಂಗುಲವಾದರೂ ಮೇಲಿರುವಂತೆ ನಿಲ್ಲಿಸಿ. ಸಾಗುವಾನಿಯ ಚೇಗು, ಅಂದರೆ ಕಾಂಡದ ನಡುವಿನ ಗಟ್ಟಿ ಭಾಗ, ಉತ್ತಮ; ಅಂಚಿನ ಬಿಳಿಭಾಗವಿರುವ ತುಂಡನ್ನು, ಅಗ್ಗವೆಂದರೂ ಒಪ್ಪಬೇಡಿ.

ತಾಯಿಯವರ ಬೆರಳುಗಳು ಪೂರ್ತಿ ಸುತ್ತಿ ಹಿಡಿಯುವಂತೆ ಕೈಹಿಡಿ 40ರಿಂದ 45 ಮಿಲಿಮೀಟರ್ ದಪ್ಪದ ದುಂಡಗಿನದಾಗಿರಲಿ, ಮೆಟ್ಟಿಲಿನ ಅಂಚಿನಿಂದ ಸುಮಾರು 90 ಸೆಂಟಿಮೀಟರ್ ಎತ್ತರದಲ್ಲಿರಲಿ. ಚಪ್ಪಟೆ ಹಲಗೆ ನೋಡಲು ಚೆಂದ, ಆದರೆ ಕಾಲು ಜಾರಿದಾಗ ಕೈಗೆ ಸಿಗುವುದಿಲ್ಲ.

ಹೊರಗಿನ ಮರಕ್ಕೆ ಗಾಜಿನಂತೆ ಹೊಳೆಯುವ ವಾರ್ನಿಷ್ ಬೇಡ. ಅದು ಬಿಸಿಲಿಗೆ ಬಿರಿದು, ಪದರದಡಿ ನೀರು ನಿಲ್ಲುತ್ತದೆ. ಹೊರಾಂಗಣಕ್ಕೆಂದೇ ಬರುವ ಮರದ ಎಣ್ಣೆಯನ್ನು ಪ್ರತಿವರ್ಷ ಮಳೆಗಾಲಕ್ಕೆ ಮೊದಲು, ಮರ ಚೆನ್ನಾಗಿ ಒಣಗಿದ್ದಾಗ ಹಚ್ಚಿ. ಕೊಯ್ದ ತುದಿಗಳು ಎಣ್ಣೆಯನ್ನು ಹೀರುತ್ತಲೇ ಇರುತ್ತವೆ, ಅಲ್ಲಿ ಮೂರು ಸಲ ಬಳಿಯಿರಿ. ಗೇರೆಣ್ಣೆ ಮರವನ್ನು ಕಾಯುವುದು ನಿಜವಾದರೂ ಚರ್ಮವನ್ನು ಸುಡುವುದರಿಂದ ಕೈಹಿಡಿಗೆ ಸಲ್ಲದು. ನೀವು ಹಚ್ಚುವ ಎಣ್ಣೆಯಲ್ಲಿ ಅಗಸೆ ಎಣ್ಣೆ ಇದ್ದರೆ, ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಹರಡಿ ಒಣಗಿಸಿ.