ವಾಲ್ವ್ ಬದಲಿಸಿದ ಮೇಲೆ ಸೊಪ್ಪು ತಿನ್ನಬಹುದೇ?

ಪ್ರಶ್ನೆ: ಅಮ್ಮನಿಗೆ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟದ ಜಾಗದಲ್ಲಿ ಮೆಕ್ಯಾನಿಕಲ್ (ಕೃತಕ) ವಾಲ್ವ್ ಹಾಕಿ ಐದು ವಾರ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನುಂಗುತ್ತಿದ್ದಾರೆ. 2.9 ಇದ್ದ ಐಎನ್‌ಆರ್ (ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆಂದು ತೋರಿಸುವ ಪರೀಕ್ಷೆಯ ಅಂಕಿ) ನಿನ್ನೆ 1.8 ಬಂದಿದೆ. ಶಕ್ತಿ ಬರಲೆಂದು ಹದಿನೈದು ದಿನದಿಂದ ದಿನಾ ಸೊಪ್ಪಿನ ಸಾರು, ಪಲ್ಯ ಕೊಡುತ್ತಿದ್ದೆವು. ಸೊಪ್ಪು ಪೂರ್ತಿ ಬಿಡಿಸಬೇಕೇ? ಸ್ಕೂಟರಿನಲ್ಲಿ ಹಿಂದೆ ಕೂರಿಸಿಕೊಂಡು ಹೋಗಬಹುದೇ?
— ಓದುಗರು, ಬಸವನಗುಡಿ

ಉತ್ತರ: ಮೊದಲು ಆ 1.8. ಮೈಟ್ರಲ್ ಮೆಕ್ಯಾನಿಕಲ್ ವಾಲ್ವ್‌ಗೆ ಸಾಮಾನ್ಯವಾಗಿ 2.5ರಿಂದ 3.5 ಇರಬೇಕು. ಇಳಿದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಿ ಅದರ ಬಾಗಿಲು ಸಿಕ್ಕಿಕೊಳ್ಳಬಹುದು. ಹೆಪ್ಪಿನ ಚೂರು ಮಿದುಳಿಗೆ ಹೋದರೆ ಪಾರ್ಶ್ವವಾಯು. ಮುಂದಿನ ತಪಾಸಣೆಗೆ ಕಾಯಬೇಡಿ, ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ. ಮಾತ್ರೆಯನ್ನು ನೀವಾಗಿ ಹೆಚ್ಚಿಸಬೇಡಿ. ಮಾತು ತೊದಲಿದರೆ, ಕೈಕಾಲು ಸೋತರೆ, ಉಸಿರು ಕಟ್ಟಿದರೆ ನೇರ ತುರ್ತು ವಿಭಾಗಕ್ಕೆ.

ಸೊಪ್ಪು ತಿಂದಿದ್ದು ತಪ್ಪಲ್ಲ, ಏಕಾಏಕಿ ಹೆಚ್ಚಿಸಿದ್ದು ತೊಂದರೆ. ಅದರಲ್ಲಿನ ವಿಟಮಿನ್ ಕೆ ವಾರ್ಫರಿನ್ನಿನ ಕೆಲಸ ತಗ್ಗಿಸುತ್ತದೆ. ಹಾಗೆಂದು ಈಗ ಪೂರ್ತಿ ನಿಲ್ಲಿಸಿದರೆ ಐಎನ್‌ಆರ್ ಮೇಲೇರಿ ರಕ್ತಸ್ರಾವವಾಗಬಹುದು. ವಾರಕ್ಕೆ ಮೂರು ಸಲ ಒಂದೊಂದು ಬಟ್ಟಲು ಎಂದುಕೊಂಡರೆ ಪ್ರತಿ ವಾರವೂ ಅಷ್ಟೇ ಇರಲಿ. ಡೋಸನ್ನು ವೈದ್ಯರು ಅದಕ್ಕೆ ಹೊಂದಿಸುತ್ತಾರೆ. ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಂದು ಕೊಡಲೇಬೇಡಿ.

ಸ್ಕೂಟರ್ ಸದ್ಯ ಬೇಡ. ಕೊಯ್ದು ತಂತಿಯಿಂದ ಬಿಗಿದ ಎದೆಮೂಳೆ ಕೂಡಲು ಎರಡು-ಮೂರು ತಿಂಗಳು ಬೇಕು. ನಮ್ಮ ರಸ್ತೆಯ ಗುಂಡಿ, ಹಂಪುಗಳ ಕುಲುಕಾಟ ಅದಕ್ಕೆ ಒಳ್ಳೆಯದಲ್ಲ. ತುಂಬಿದ ಬಿಂದಿಗೆಯನ್ನೂ ಎತ್ತಬಾರದು. ಕೆಮ್ಮುವಾಗ ಎದೆಗೆ ದಿಂಬು ಒತ್ತಿ ಹಿಡಿಯಲಿ.

ಹಲ್ಲು ಕೀಳಿಸುವ ಮುಂಚೆ ವಾಲ್ವ್ ವಿಷಯ ದಂತವೈದ್ಯರಿಗೆ ಹೇಳಿ. ಸೋಂಕು ತಡೆಯಲು ಮೊದಲೇ ಆ್ಯಂಟಿಬಯೋಟಿಕ್ ಬೇಕಾಗುತ್ತದೆ.